ಖಾನೇಷುಮಾರಿಯೂ ನಮ್ಮ ವಂಶಾವಳಿಯೂ

ಈಚೆಗೆ ಒಂದು ದಿನ ನಮ್ಮ ಕಛೇರಿಗೆ ಬೊಮ್ಮನಹಳ್ಳಿಯ ತರುಣರೊಬ್ಬರು ಬಂದಿದ್ದರು. ಹೊಸೂರು ರಸ್ತೆಯ ಮಗ್ಗುಲಿಗೆ, ಹಳೆಯ ಊರಿನ ಗ್ರಾಮಠಾಣದೊಳಗೆ ಅವರ ಮನೆ. ತಂದೆಯ ಹೆಸರನ್ನೂ ತಾತನ ಹೆಸರನ್ನೂ ಬಲ್ಲರು. ತಾತನ ತಂದೆಯವರು ಧಾತು ಈಶ್ವರದ ಬರದಲ್ಲಿ ಹುಟ್ಟಿದವರೆಂದೂ, ಅದೇ ಬರದಲ್ಲಿ ಎಲ್ಲಿಂದಲೋ ಗಂಟುಮೂಟೆ ಹೊತ್ತು ಬಂದು ಈ ಊರಿನಲ್ಲಿ ನೆಲೆನಿಂತ ಮನೆತನ ತಮ್ಮದೆಂದೂ ಹಿರಿಯರ ಬಾಯಿಂದ ಕೇಳಿದ್ದಾರೆ. ಆ 'ಎಲ್ಲಿಂದಲೋ' ಎಂಬುದು ಎಲ್ಲಿ, ಮೂಟೆ ಹೊತ್ತು ಬಂದವರ ಹೆಸರೇನು, ಇದು ಮಾತ್ರ ಮನೆಯಲ್ಲಿ ಯಾರಿಗೂ ತಿಳಿಯದು. ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಅವರ ಮಿತ್ರರೊಬ್ಬರು, ಅಲ್ಲಿಯ ಜನರು ನೂರು ನೂರೈವತ್ತು ವರ್ಷಗಳ ಹಿಂದಿನ ಜನಗಣತಿಯ ಹಾಳೆಗಳನ್ನು ಮನೆಯಲ್ಲಿ ಕುಳಿತೇ ತೆರೆದು, ಮುತ್ತಜ್ಜನ ಹೆಸರು, ವಯಸ್ಸು, ಕಸುಬು, ಆತ ವಾಸವಾಗಿದ್ದ ಬೀದಿ ಇವೆಲ್ಲವನ್ನೂ ಕಂಡುಕೊಳ್ಳುವರೆಂದು ಬರೆದಿದ್ದರಂತೆ. "ನಮ್ಮ ಗಣತಿಯ ಹಾಳೆಗಳನ್ನು ಎಲ್ಲಿ ನೋಡಬಹುದು ಸ್ವಾಮಿ?" ಎಂದು ತರುಣರು ಕೇಳಿದರು.

ಎಲ್ಲಿಯೂ ನೋಡಲಾಗದೆಂದು ನಾವು ಹೇಳಬೇಕಾಯಿತು. ಅವರ ಮುಖದಲ್ಲಿ ಮೂಡಿದ ಆಶ್ಚರ್ಯವನ್ನು ಕಂಡು, ಈ ವಿಷಯವನ್ನು ವಾಚಕರ ಮುಂದೆ ವಿಸ್ತಾರವಾಗಿ ಇಡುವುದು ನಮ್ಮ ಕರ್ತವ್ಯವೆಂದು ತೋರಿತು. ಗಣತಿಯ ಹಳೆಯ ಹಾಳೆಗಳು ಎಲ್ಲಿಯೋ ಸರ್ಕಾರದ ಉಗ್ರಾಣದಲ್ಲಿ ಭದ್ರವಾಗಿ ಇರುವುವೆಂದು ನಂಬಿದವರು ಆ ತರುಣರೊಬ್ಬರೇ ಅಲ್ಲ. ವಿದ್ಯಾವಂತರೂ ಅಧಿಕಾರದಲ್ಲಿರುವವರೂ ಆದ ಅನೇಕರು ಹಾಗೆಯೇ ಭಾವಿಸಿರುವರು.

ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಈ ಎಣಿಕೆಯು ಮೈಸೂರು ಸೀಮೆಯಲ್ಲಿ ಸಾರ್ವತ್ರಿಕವಾಗಿ ಮೊದಲು ನಡೆದುದು 1871ರ ನವೆಂಬರಿನಲ್ಲಿ. ಎರಡನೆಯದು 1881ರ ಫೆಬ್ರವರಿ 17ರ ರಾತ್ರಿ. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೊಮ್ಮೆ, ಯುದ್ಧ ಬಂದರೂ ರೋಗ ಬಂದರೂ ತಪ್ಪದೆ, 2011ರವರೆಗೆ ನಡೆದುಬಂದಿತು. 1931ರವರೆಗೆ ಇದು ಒಂದು ರಾತ್ರಿಯ ಕೆಲಸವಾಗಿದ್ದಿತು. ಮನೆಗಳಿಗೆಲ್ಲ ಮುಂಚಿತವಾಗಿ ನಂಬರು ಹಾಕಿ, ಪಟ್ಟಿಯನ್ನು ಬರೆದಿಟ್ಟುಕೊಂಡು, ಗೊತ್ತುಮಾಡಿದ ರಾತ್ರಿಯಲ್ಲಿ ಶ್ಯಾನುಭೋಗರೋ ಶಾಲೆಯ ಉಪಾಧ್ಯಾಯರೋ ದೀಪ ಹಿಡಿದು ಮನೆಮನೆಗೂ ಹೋಗುತ್ತಿದ್ದರು. ನಡುವೆ ಸತ್ತವರ ಹೆಸರನ್ನು ಹೊಡೆದುಹಾಕಿ, ಹುಟ್ಟಿದ ಕೂಸನ್ನೂ ಆ ರಾತ್ರಿ ತಂಗಿದ ನೆಂಟರನ್ನೂ ಸೇರಿಸಿ, ಪಟ್ಟಿಯನ್ನು ಸರಿಪಡಿಸುತ್ತಿದ್ದರು. ಬೆಳದಿಂಗಳಿರುವ, ಜಾತ್ರೆ ಪರಿಷೆಗಳಿಲ್ಲದ ರಾತ್ರಿಯನ್ನು ಹುಡುಕಿ ಆರಿಸುತ್ತಿದ್ದುದೂ ಇದಕ್ಕಾಗಿಯೇ. ಆ ಪಟ್ಟಿಯಲ್ಲಿ ಏನೇನು ಬರೆಯುತ್ತಿದ್ದರೆಂಬುದನ್ನು ನೋಡಿದರೆ ವಂಶಾವಳಿಯನ್ನು ಅರಸುವವನ ಬಾಯಲ್ಲಿ ನೀರೂರುವುದು: ಹೆಸರು, ಗಂಡೋ ಹೆಣ್ಣೋ, ವಯಸ್ಸು, ಮದುವೆಯಾದವರೋ ವಿಧವೆಯೋ, ಮತ, ಜಾತಿ, ಮಾತೃಭಾಷೆ, ಹುಟ್ಟಿದ ಜಿಲ್ಲೆ, ಕಸುಬು, ಓದುಬರಹ. ಬೊಮ್ಮನಹಳ್ಳಿಗೆ ಮೂಟೆ ಹೊತ್ತು ಬಂದ ಆ ದಂಪತಿಗಳು 1881ರ ಫೆಬ್ರವರಿಯಲ್ಲಿ ಜೀವಂತರಾಗಿದ್ದು ಇಲ್ಲಿಯೇ ಇದ್ದಿದ್ದರೆ, ಅವರ ಗುಡಿಸಲಿನ ಬಾಗಿಲಿಗೂ ದೀಪ ಬಂದಿರಬೇಕು. 'ಹುಟ್ಟಿದ್ದು ಎಲ್ಲಿ?' ಎಂದು ಕೇಳಿ, ಅವರು ಹೇಳಿದುದನ್ನು ಒಬ್ಬರು ಬರೆದುಕೊಂಡಿರಬೇಕು.

ಹಾಗೆ ಬರೆದುದು ಏನಾಯಿತು? ಎಣಿಸುವುದಕ್ಕಾಗಿ ಬರೆದ ಕಾಗದ ಅದು. ಎಣಿಸುವವನಿಗೆ ಹೆಸರಿನಿಂದ ಪ್ರಯೋಜನವಿಲ್ಲ. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಜನ ಒಕ್ಕಲಿಗರು, ಇಷ್ಟು ಜನ ಕುರುಡರು ಎಂದು ಒಟ್ಟುಗೂಡಿಸಿದೊಡನೆ ಅವನ ಕೆಲಸ ಮುಗಿಯಿತು. 1901ರಿಂದ ಚೀಟಿಗಳ ಪದ್ಧತಿ ಬಂದಿತು. ಒಬ್ಬೊಬ್ಬರ ವಿವರವನ್ನು ಒಂದೊಂದು ಚೀಟಿಗೆ ಇಳಿಸಿ, ಅವುಗಳನ್ನು ಗೂಡುಗಳಲ್ಲಿ ವಿಂಗಡಿಸಿ ಎಣಿಸುವ ಏರ್ಪಾಡು ಅದು. ಕೋಷ್ಟಕಗಳು ಅಚ್ಚಾದ ಮೇಲೆ ಚೀಟಿಗಳನ್ನಾಗಲಿ ಮೂಲದ ಪಟ್ಟಿಗಳನ್ನಾಗಲಿ ಕಾಪಾಡಿಡುವ ಪದ್ಧತಿ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ನಮ್ಮವರೇ ಮಾಡಿದ ಗಣತಿ ಶಾಸನವು, ಗಣತಿಯ ಅಧಿಕಾರಿಗಳು ಬರೆದ ಪುಸ್ತಕವನ್ನು ಯಾರಿಗೂ ನೋಡುವ ಹಕ್ಕಿಲ್ಲವೆಂದೂ, ಅದರಲ್ಲಿರುವುದು ವ್ಯಾಜ್ಯಗಳಲ್ಲಿ ಸಾಕ್ಷ್ಯವಾಗದೆಂದೂ ಕಟ್ಟಳೆ ಮಾಡಿತು. ಈ ಕಟ್ಟಳೆಯ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಹೇಳಿದ್ದು ತೆರಿಗೆಯವನ ಕಿವಿಗೂ ಪೊಲೀಸಿನವನ ಕಿವಿಗೂ ಬೀಳದೆಂಬ ಭರವಸೆಯಿಲ್ಲದಿದ್ದರೆ ಜನರು ನಿಜ ಹೇಳುವರೆ? ಆದರೆ ಶಾಸನವು ಬಾಗಿಲಿಗೆ ಬೀಗ ಹಾಕಿತೇ ಹೊರತು, ಇಂತಿಷ್ಟು ವರ್ಷಗಳಾದ ಮೇಲೆ ತೆಗೆಯಬಹುದೆಂದು ಬೀಗದ ಕೈಯನ್ನು ಯಾರ ವಶದಲ್ಲಿಯೂ ಇಡಲಿಲ್ಲ.

ಇತರ ದೇಶಗಳವರು ಹೇಗೆ ಮಾಡಿರುವರು? ಇಂಗ್ಲೆಂಡಿನಲ್ಲಿ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುವರು; 1921ರ ಗಣತಿಯು 2022ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಅವರಿಗೂ ನಷ್ಟ ತಪ್ಪಲಿಲ್ಲ: 1931ರ ಹಾಳೆಗಳೆಲ್ಲ 1942ರ ಡಿಸೆಂಬರಿನಲ್ಲಿ ಒಂದು ಬೆಂಕಿಗೆ ಆಹುತಿಯಾದುವು, 1941ರಲ್ಲಿ ಯುದ್ಧದ ಕಾರಣ ಎಣಿಕೆಯೇ ನಡೆಯಲಿಲ್ಲ. ಅಮೆರಿಕದವರು 72 ವರ್ಷ ಕಾಯುವರು. 1950ರ ಹಾಳೆಗಳನ್ನು 2022ರ ಏಪ್ರಿಲ್ ಮೊದಲನೆಯ ದಿನ ತೆರೆದರು. ನಮಗೆ ಹೆಚ್ಚು ಹತ್ತಿರವಾದುದು ಐರ್ಲೆಂಡಿನ ಕಥೆ. ಅದೂ ನಮ್ಮಂತೆ ಪರರ ಆಳ್ವಿಕೆಯಲ್ಲಿದ್ದ ದೇಶವಷ್ಟೆ. 1861, 1871ರ ಹಾಳೆಗಳನ್ನು ಸರ್ಕಾರವೇ ಎಣಿಕೆ ಮುಗಿದೊಡನೆ ನಾಶಮಾಡಿಸಿತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವವೆಂದು ಅರೆಯುವ ಯಂತ್ರಕ್ಕೆ ಹೋದುವು. ಅದಕ್ಕೆ ಹಿಂದಿನವುಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್ನಿನ ಅಂತಃಕಲಹದಲ್ಲಿ ಸುಟ್ಟುಹೋದುವು. ಉಳಿದುದು 1901 ಮತ್ತು 1911ರವು ಎರಡೇ. ಆ ಎರಡನ್ನೂ ಐರಿಷರು ಕಣ್ಣಿಗೊತ್ತಿಕೊಂಡು ಕಾಪಾಡಿ, ಯಾರು ಬೇಕಾದರೂ ಬಿಡಿಕಾಸು ಕೊಡದೆ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿರುವರು. ದೇಶಾಂತರ ಹೋದವರ ಮೊಮ್ಮಕ್ಕಳು ಸಮುದ್ರದಾಚೆಯಿಂದ ಅವುಗಳಲ್ಲಿ ತಮ್ಮ ಮನೆಯನ್ನು ಹುಡುಕುತ್ತಿರುವರು.

ಇಷ್ಟನ್ನು ಕೇಳಿ ನಮ್ಮ ತರುಣರು ಏಳಲು ಅನುವಾದರು. ಕುಳ್ಳಿರಿಸಿದೆವು. ಹೆಸರು ಹೋಯಿತೆಂದ ಮಾತ್ರಕ್ಕೆ ಖಾನೇಷುಮಾರಿಯು ನಿರುಪಯೋಗಿಯಲ್ಲ. ಅದರ ವರದಿಗಳು ಉಳಿದಿವೆ. ಕೇಂದ್ರ ಗಣತಿ ಕಛೇರಿಯವರು ಹಳೆಯ ಸಂಪುಟಗಳನ್ನು ತಮ್ಮ ಅಂತರ್ಜಾಲ ತಾಣದಲ್ಲಿ ಓದುಗರಿಗೆ ಒದಗಿಸಿರುವರು. ಕರ್ನಾಟಕದ ಗಣತಿ ನಿರ್ದೇಶನಾಲಯವಂತೂ ಬೊಮ್ಮನಹಳ್ಳಿಗೆ ಸಮೀಪದಲ್ಲಿಯೇ, ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಈ ವರದಿಗಳೆಂದರೆ ಬರಿಯ ಅಂಕಿಗಳ ಕಾಡೆಂದು ಹೆದರುವವರು ಮೈಸೂರಿನ 1931ರ ವರದಿಯನ್ನು ಬರೆದವರು ಯಾರೆಂದು ನೆನೆಯಬೇಕು. ಆ ಗಣತಿಯ ಅಧಿಕಾರಿಯಾಗಿದ್ದವರು 'ಶ್ರೀನಿವಾಸ'ರೆಂಬ ಹೆಸರಿನಿಂದ ಕಥೆಗಳನ್ನು ಬರೆದು ಕನ್ನಡದ ಮನೆಮನೆಗೂ ಪರಿಚಿತರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಕಥೆಗಾರರೊಬ್ಬರ ಕೈಯಲ್ಲಿ ಅರವತ್ತೈದು ಲಕ್ಷ ಜನರ ಲೆಕ್ಕ!

ತರುಣರ ಮನೆಯ ಬರದ ಮಾತಿಗೇ ಬರೋಣ. ಧಾತು ಸಂವತ್ಸರವು 1876-77, ಈಶ್ವರವು 1877-78. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412 ಇದ್ದಿತು. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಈ ಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. 8,69,224 ಜನರ ಕೊರತೆ. ಆರು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರು ಈ ಲೆಕ್ಕದಲ್ಲಿ ಸೇರಿಲ್ಲ. ಬರಗಾಲದಲ್ಲಿ ಸಾವು ಹೆಚ್ಚುವುದಷ್ಟೇ ಅಲ್ಲ, ತೊಟ್ಟಿಲು ಕಟ್ಟುವ ಮನೆಗಳೂ ಕಡಿಮೆಯಾಗುವುವು, ಎಳೆಯ ಕೂಸುಗಳು ಮೊದಲು ಹೋಗುವುವು. ಆದಕಾರಣ ಈಶ್ವರ ಸಂವತ್ಸರದಲ್ಲಿ ಹುಟ್ಟಿ ಬದುಕಿ, ಮಕ್ಕಳು ಮೊಮ್ಮಕ್ಕಳನ್ನು ಕಂಡ ಮನುಷ್ಯನು ಅಪರೂಪ. ಮನೆಯ ಹಿರಿಯರು ಹೇಳಿದುದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ 'ಬರದಲ್ಲಿ ಹುಟ್ಟಿದವರು' ಎಂಬ ಮಾತು ಅನೇಕ ವೇಳೆ 'ಬರದ ಆಸುಪಾಸಿನಲ್ಲಿ ಹುಟ್ಟಿದವರು' ಎಂದಾಗಿರಬಹುದು. ಗಣತಿದಾರನು ವಯಸ್ಸು ಕೇಳಿದಾಗ ನಮ್ಮ ಹಳ್ಳಿಯವರು ವರ್ಷವನ್ನು ಹೇಳುತ್ತಿರಲಿಲ್ಲ. ದೊಡ್ಡ ಬರದಲ್ಲಿ ಕಂಕುಳ ಕೂಸಾಗಿದ್ದೆ, ಪ್ಲೇಗು ಬಂದಾಗ ಮದುವೆಯಾಗಿತ್ತು, ಹೀಗೆ ಹೇಳುತ್ತಿದ್ದರು. ಅದನ್ನು ಕೇಳಿ ಬರೆಯುವವನು ನಲವತ್ತು, ಐವತ್ತು ಎಂದು ಸೊನ್ನೆ ಬರುವಂತೆ ಹಾಕಿಕೊಳ್ಳುತ್ತಿದ್ದನು. ನಮ್ಮ ದೇಶದ ಗಣತಿಗಳ ವಯಸ್ಸಿನ ಕೋಷ್ಟಕಗಳಲ್ಲಿ ಸೊನ್ನೆಗೂ ಐದಕ್ಕೂ ಮುಗಿಯುವ ವಯಸ್ಸಿನವರೇ ಗುಂಪುಗುಂಪಾಗಿ ಕಾಣಿಸುವುದಕ್ಕೆ ಇದೇ ಕಾರಣ.

ಸಂವತ್ಸರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದು. ಅಜ್ಜಿಯು ಧಾತು ಸಂವತ್ಸರದಲ್ಲಿ ಹುಟ್ಟಿದಳೆಂದರೆ ಅದು 1876ನೆಯ ಧಾತುವೋ 1936ನೆಯ ಧಾತುವೋ ಎಂಬುದನ್ನು ಅವಳ ಮಕ್ಕಳ ವಯಸ್ಸಿನಿಂದ ನಿರ್ಣಯಿಸಬೇಕು. ಇದನ್ನು ಮರೆತು ಒಂದು ತಲೆಮಾರನ್ನೇ ನುಂಗಿಹಾಕಿದ ವಂಶವೃಕ್ಷಗಳನ್ನು ನಾವು ಕಂಡಿದ್ದೇವೆ.

ಪ್ಲೇಗಿನ ಮಾತೂ ಹೀಗೆಯೇ. ಬೆಂಗಳೂರಿಗೆ ಪ್ಲೇಗು ಕಾಲಿಟ್ಟುದು 1898ರಲ್ಲಿ. ಪೇಟೆಯೂ ದಂಡೂ ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆಯು 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಹೆದರಿ ಸುತ್ತಣ ಹಳ್ಳಿಗಳಿಗೆ ಹೋಗಿ ಅಲ್ಲಿಯೇ ನಿಂತವರೆಷ್ಟೋ! ಬೆಂಗಳೂರಿನ ತೆಂಕಣ ಹಳ್ಳಿಗಳಲ್ಲಿ 'ನಮ್ಮದು ಮೊದಲು ಪೇಟೆಯ ಮನೆತನ' ಎನ್ನುವವರು ಈ ಎರಡು ಅಂಕಿಗಳ ನಡುವೆ ತಮ್ಮ ಮನೆಯನ್ನು ಹುಡುಕಿನೋಡಬಹುದು.

ಜಾತಿಯ ಕಲಮನ್ನು ಓದುವಾಗ ಮಾತ್ರ ಬಹಳ ಜಾಗರೂಕತೆ ಬೇಕು. ಒಂದೇ ಮನೆತನವು ಒಂದು ಗಣತಿಯಿಂದ ಇನ್ನೊಂದಕ್ಕೆ ಬೇರೆ ಹೆಸರನ್ನು ಹೊತ್ತಿರುವುದು ಸಾಮಾನ್ಯ. 1920ರ ದಶಕದಲ್ಲಿ ಮೈಸೂರು ಸರ್ಕಾರದ ಕಾಗದಗಳಿಂದ 'ಪಂಚಮ'ವೆಂಬುದು ಹೋಗಿ 'ಆದಿಕರ್ನಾಟಕ'ವು ಬಂದಿತು. 1901ರಲ್ಲಿ ರಿಸ್ಲೆ ಎಂಬ ಅಧಿಕಾರಿಯು ಜಾತಿಗಳನ್ನು ಮೇಲುಕೀಳೆಂದು ಸಾಲಾಗಿ ನಿಲ್ಲಿಸಹೊರಟಾಗ, ದೇಶದ ಮೂಲೆಮೂಲೆಗಳಿಂದ ಅರ್ಜಿಗಳ ಮಳೆಯೇ ಸುರಿಯಿತು. ಪರಕೀಯ ಸರ್ಕಾರವು ನಮ್ಮನ್ನು ಎಣಿಸಿದುದರ ಜೊತೆಗೆ ಅಳೆದು ಮೆಟ್ಟಿಲುಮೆಟ್ಟಿಲಾಗಿ ನಿಲ್ಲಿಸಿತು. ನಾವು ಆ ಮೆಟ್ಟಿಲಿಗಾಗಿಯೇ ಹೊಡೆದಾಡಿದೆವು. ಜಾತಿಗಳ ಪೂರ್ಣವಾದ ಕೋಷ್ಟಕ ಅಚ್ಚಾದ ಕಡೆಯ ವರ್ಷ 1931.

1951ರ ಗಣತಿಯಿಂದ ಜಿಲ್ಲೆ ಜಿಲ್ಲೆಗೂ ಒಂದೊಂದು ಗಣತಿ ಕೈಪಿಡಿ ಹೊರಬಂದಿತು. ಅದರಲ್ಲಿ ಊರೂರಿನ ಜನಸಂಖ್ಯೆಯೂ ಅಕ್ಷರಸ್ಥರ ಸಂಖ್ಯೆಯೂ ಇದೆ. ಬೊಮ್ಮನಹಳ್ಳಿಯೆಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಹಲವಾರಿವೆ. ಬೊಮ್ಮನೆಂಬ ಹೆಸರು ಒಂದು ಕಾಲಕ್ಕೆ ಅಷ್ಟು ಬಳಕೆಯಲ್ಲಿದ್ದಿತು. ಆದಕಾರಣ ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿ ಎಂದು ನೋಡಿಕೊಂಡೇ ಮುಂದುವರಿಯಬೇಕು. ಆ ಹಳ್ಳಿಯೇ ಬೆಳೆದು ನಗರಸಭೆಯಾಗಿ 2001ರ ಗಣತಿಯಲ್ಲಿ 2,01,220 ಜನರನ್ನು ತೋರಿಸಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಅಡಗಿತು. 2025ರಲ್ಲಿ ಆ ಪಾಲಿಕೆಯೂ ಐದಾಗಿ ಒಡೆಯಿತು. ಹೀಗೆ ಕಛೇರಿ ಬದಲಾದಾಗಲೆಲ್ಲ ಕಡತಗಳು ಗಾಡಿ ಹತ್ತುವುವು. ಗಾಡಿ ಹತ್ತಿದ ಕಡತಗಳೆಲ್ಲ ಇಳಿಯುವುವೆಂಬ ಭರವಸೆ ನಮಗಿಲ್ಲ.

ಆದರೆ ಹೆಸರು? ತರುಣರು ಕೇಳಿದುದು ಹೆಸರನ್ನಷ್ಟೆ. ಖಾನೇಷುಮಾರಿಯವರು ಜನರನ್ನು ಎಣಿಸಿ ಹೆಸರನ್ನು ಬಿಟ್ಟರು. ಕಂದಾಯದವರು ಜನರ ಗೋಜಿಗೆ ಹೋಗದೆ ನೆಲವನ್ನು ಅಳೆದರು, ಆದರೆ ನೆಲಕ್ಕೆ ಹಣ ಕೊಡುವವನ ಹೆಸರು ಅವರಿಗೆ ಬೇಕಾಗಿದ್ದಿತು. ಸರ್ಕಾರಕ್ಕೆ ಯಾರಿಂದ ಹಣ ಬರಬೇಕೋ ಅವರ ಹೆಸರು ಅಷ್ಟು ಸುಲಭವಾಗಿ ಅಳಿಯುವುದಿಲ್ಲ! ಮೈಸೂರು ಸೀಮೆಯಲ್ಲಿ ಕಂದಾಯದ ಮೋಜಣಿಯು 1863ರಲ್ಲಿ ಮೊದಲಾಯಿತು. ಊರಿನ ಸರ್ವೆ ನಂಬರನ್ನು ತಿಳಿದುಕೊಂಡು, ಭೂಮಿ ಯೋಜನೆಯ ಗಣಕಯಂತ್ರದಲ್ಲಿ ಸೇರಿದ ಈಗಿನ ಪಹಣಿಯಿಂದ ಹಿಂದಕ್ಕೆ, ತಾಲ್ಲೂಕು ಕಛೇರಿಯ ರಿಕಾರ್ಡು ಕೋಣೆಯಲ್ಲಿರುವ ಕೈಬರಹದ ಪಹಣಿಗೆ ಹೋಗಬೇಕು. ಒಂಬತ್ತನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರಿರುವುದು, ಹನ್ನೆರಡನೆಯದರಲ್ಲಿ ಸಾಗುವಳಿ ಮಾಡಿದವನ ಹೆಸರಿರುವುದು. ಬಹುಮಂದಿ ಒಂಬತ್ತನೆಯದನ್ನು ಮಾತ್ರ ನೋಡಿ ಹಿಂತಿರುಗುವರು. ತನ್ನದೆಂಬ ನೆಲವಿಲ್ಲದೆ ಪರರ ಹೊಲವನ್ನು ಉತ್ತವನ ಹೆಸರು ಸಿಕ್ಕುವುದಾದರೆ ಹನ್ನೆರಡನೆಯದರಲ್ಲಿ.

ಅದಕ್ಕಿಂತಲೂ ಬೆಲೆಯುಳ್ಳದು ಪೌತಿ ಖಾತೆ. ಯಜಮಾನನು ಸತ್ತಾಗ ಖಾತೆಯು ಮಕ್ಕಳ ಹೆಸರಿಗೆ ತಿರುಗಬೇಕಷ್ಟೆ. ಆಗ ಮ್ಯುಟೇಷನ್ ಪುಸ್ತಕದಲ್ಲಿ ಸತ್ತವನ ಹೆಸರನ್ನೂ ಹಕ್ಕುದಾರರಾದ ಮಕ್ಕಳ ಹೆಸರುಗಳನ್ನೂ ಬರೆಯುವರು. ಒಂದೊಂದು ಪೌತಿಯೂ ವಂಶವೃಕ್ಷದ ಒಂದೊಂದು ಕೊಂಬೆ. ಮೂರು ಪೌತಿಗಳು ಸಿಕ್ಕರೆ ಒಂದು ಶತಮಾನ ಕೈಗೆ ಬಂದಂತೆ. ಕ್ರಯಪತ್ರ, ವಿಭಾಗಪತ್ರಗಳು ರಿಜಿಸ್ಟ್ರಿಯಾಗಿದ್ದರೆ ಉಪನೋಂದಣಿ ಕಛೇರಿಯಲ್ಲಿ ಅವುಗಳ ನಕಲು ದೊರೆಯುವುದು. ವಿಭಾಗಪತ್ರದಲ್ಲಿ ಅಣ್ಣತಮ್ಮಂದಿರ ಜಗಳವೆಲ್ಲ ಅಡಗಿದ್ದರೂ ಅವರ ತಂದೆ ತಾತಂದಿರ ಹೆಸರು ಕ್ರಮವಾಗಿ ಬಂದಿರುವುದು. ಗ್ರಾಮಠಾಣದ ಮನೆಗೆ ಪಹಣಿಯಿಲ್ಲ. ಅದಕ್ಕೆ ಹಳೆಯ ಪಂಚಾಯಿತಿಯ ಮನೆಕಂದಾಯದ ಪುಸ್ತಕವೇ ಗತಿ. ಶಾಲೆಯ ದಾಖಲಾತಿ ಪುಸ್ತಕವೂ ತಂದೆಯ ಹೆಸರನ್ನು ಹೇಳುವುದು. ಅದರಲ್ಲಿಯ ಜನ್ಮದಿನವನ್ನು ಮಾತ್ರ ನಂಬತಕ್ಕದ್ದಲ್ಲ. ಮಗುವಿನ ಕೈ ತಲೆಯ ಮೇಲಿನಿಂದ ಬಂದು ಕಿವಿಯನ್ನು ಮುಟ್ಟಿತೇ ಎಂದು ನೋಡಿ, ಹೆಡ್‌ಮಾಸ್ತರರು ಜೂನ್ ಒಂದನೆಯ ತಾರೀಖೆಂದು ಬರೆದುಕೊಂಡ ಜನ್ಮದಿನಗಳು ನಮ್ಮ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ.

ಇಲ್ಲಿ ನಮ್ಮದೇ ಒಂದು ಅನುಭವವನ್ನು ಹೇಳುವುದು ಅಪ್ರಸ್ತುತವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮುತ್ತಾತನವರ ಜಮೀನಿನ ಪೌತಿಯನ್ನು ನೋಡಬೇಕೆಂದು ಒಂದು ತಾಲ್ಲೂಕಿನ ರಿಕಾರ್ಡು ಕೋಣೆಗೆ ಹೋದೆವು. ಮೂರು ದಿನ ಅಲೆಸಿ, ನಾಲ್ಕನೆಯ ದಿನ ಒಂದು ಪುಸ್ತಕವನ್ನು ತಂದಿಟ್ಟರು. ತೆರೆದರೆ ನಡುವಣ ಹಾಳೆಗಳೆಲ್ಲ ಗೆದ್ದಲು ತಿಂದು ಜರಡಿಯಾಗಿದ್ದುವು. ನಮ್ಮ ಮುತ್ತಾತನವರ ಹೆಸರಿನ ಮೊದಲಿನ ಎರಡಕ್ಷರ ಉಳಿದಿತ್ತು, ಮುಂದೆ ತೂತು. ಗುಮಾಸ್ತರು ನಮಗಿಂತಲೂ ಹೆಚ್ಚು ನೊಂದುಕೊಂಡರೆಂಬುದನ್ನು ನ್ಯಾಯವಾಗಿ ಹೇಳಬೇಕು. ಅವರ ಕೋಣೆಗೆ ಕಿಟಕಿಯೇ ಇರಲಿಲ್ಲ.

ಶ್ಯಾನುಭೋಗರ ಮನೆಗಳ ಕಥೆಯೂ ಹೀಗೆಯೇ. ಅವರಲ್ಲಿ ಎಷ್ಟೋ ತಲೆಮಾರುಗಳ ಲೆಕ್ಕದ ಪುಸ್ತಕಗಳಿದ್ದುವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಶಾಸನವು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಪುಸ್ತಕಗಳು ಸರ್ಕಾರಕ್ಕೆ ಸೇರಬೇಕಾಗಿದ್ದಿತು. ಸೇರಿದುವು ಸೇರಿದುವು, ಕೆಲವು ಅಟ್ಟದ ಮೇಲೆ ಉಳಿದುವು. ಆ ಅಧಿಕಾರಗಳು ಹೋದುದು ಸರಿಯೇ ಎಂದು ನಾವು ಬಲವಾಗಿ ನಂಬಿದ್ದೇವೆ. ಅಟ್ಟದ ಮೇಲಿನ ಪುಸ್ತಕಗಳು ರದ್ದಿಯವನ ತಕ್ಕಡಿಗೆ ಹೋದುದು ಮಾತ್ರ ಸರಿಯಲ್ಲ. ಈಗಲೂ ಅಂತಹವು ಯಾರ ಮನೆಯಲ್ಲಿಯಾದರೂ ಇದ್ದರೆ, ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯವರಿಗೆ ಒಂದು ಮಾತು ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.

ಕಾಗದವಿಲ್ಲದ ಕಡೆ ಹೇಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಒಕ್ಕಲು ಮನೆಗಳ ಬಾಗಿಲಿಗೆ ಬಂದು, ಆ ಮನೆಯ ಮೂಲಪುರುಷನಿಂದ ಹಿಡಿದು ಈಚಿನವರೆಗೆ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುವ ಜನ ಅವರು. ಉತ್ತರ ಕರ್ನಾಟಕದಲ್ಲಿ ಅವರ ವಹಿಗಳಿಗೆ ಇನ್ನೂ ಮನ್ನಣೆಯಿದೆ. ಬೆಂಗಳೂರಿನ ಸುತ್ತ ಹೊಲಗಳೇ ಇಲ್ಲದಿರುವಾಗ ಸುಗ್ಗಿಯೆಲ್ಲಿ, ಹೇಳವನೆಲ್ಲಿ? ಅಂತಹ ಮನೆಯವರು ತಮ್ಮ ಮನೆದೇವರು ಎಲ್ಲಿದೆ, ಬೆಡಗು ಯಾವುದು, ಮನೆಯೊಳಗೆ ಆಡುವ ಮಾತು ಯಾವುದೆಂಬುದನ್ನು ಹಿಡಿದು ಹೊರಡಬೇಕು. ಬೊಮ್ಮನಹಳ್ಳಿಯು ಹೊಸೂರಿನ ದಾರಿಯಲ್ಲಿದೆ. ಹೊಸೂರು ಆಗ ಮದರಾಸು ಆಧಿಪತ್ಯದ ಸೇಲಂ ಜಿಲ್ಲೆಗೆ ಸೇರಿದ್ದಿತು. ಮನೆದೇವರು ಆ ದಿಕ್ಕಿನಲ್ಲಿದ್ದರೆ ಹುಡುಕಬೇಕಾದ ಕಾಗದಗಳೂ ಮೈಸೂರಿನವಲ್ಲ, ಮದರಾಸಿನವು.

ಬೊಮ್ಮನಹಳ್ಳಿಯಿಂದ ಒಂದು ಹರದಾರಿಯ ದೂರದಲ್ಲಿ ಬೇಗೂರಿನ ನಾಗೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವೊಂದು, ಸುಮಾರು 1,100 ವರ್ಷಗಳ ಹಿಂದೆ ಗಂಗರ ಕಾಲದಲ್ಲಿ ನಡೆದ 'ಬೆಂಗಳೂರ ಕಾಳಗ'ದಲ್ಲಿ ಮಡಿದವನೊಬ್ಬನ ಹೆಸರನ್ನು, ಅವನು ನಾಗತ್ತರನೆಂಬ ಅಧಿಕಾರಿಯ ಮನೆಗೆ ಸೇರಿದವನೆಂಬುದನ್ನು ಹೇಳುತ್ತದೆ. ನಮ್ಮ ರಾಜಧಾನಿಯ ಹೆಸರು ಕಾಣಿಸುವ ಅತಿ ಹಳೆಯ ಬರಹ ಅದೇ ಎಂದು ಎಲ್ಲರೂ ಅದನ್ನು ಕೊಂಡಾಡುವರು. ನಮಗೆ ಅದಕ್ಕಿಂತಲೂ ದೊಡ್ಡದಾಗಿ ತೋರುವುದು ಆ ಮನುಷ್ಯನ ಹೆಸರು ಉಳಿದುದು. ಹಳ್ಳಿಯ ಕಲ್ಲುಕುಟಿಗನು ಮಾಡಿದ ಕೆಲಸವನ್ನು, ಹತ್ತು ವರ್ಷಕ್ಕೊಮ್ಮೆ ದೇಶದ ಪ್ರತಿಯೊಬ್ಬ ಮನುಷ್ಯನ ಹೆಸರನ್ನೂ ಬರೆದುಕೊಂಡ ಸಾಮ್ರಾಜ್ಯವು ಮಾಡಲಿಲ್ಲ.

ಹೆಂಗಸರ ವಿಷಯವನ್ನು ಹೇಳದೆ ಬಿಡಲಾರೆವು. ಬ್ರಿಟಿಷ್ ಇಂಡಿಯದ ಹಳೆಯ ಗಣತಿಗಳಲ್ಲಿ, ಮನೆಯ ಹೆಂಗಸರ ಹೆಸರು ಹೇಳಲು ಯಜಮಾನನು ಒಪ್ಪದಿದ್ದರೆ 'ಹೆಂಗಸು' ಎಂದು ಬರೆದುಕೊಂಡರೆ ಸಾಕೆಂದು ಸೂಚನೆಯಿದ್ದಿತು. ಹಾಳೆಗಳು ಉಳಿದಿದ್ದರೂ ಎಷ್ಟೋ ಮುತ್ತಜ್ಜಿಯರು ಅವುಗಳಲ್ಲಿ ಹೆಸರಿಲ್ಲದೆಯೇ ಇರುತ್ತಿದ್ದರು. ಸ್ವತಂತ್ರ ಭಾರತದ ಮೊದಲ ಚುನಾವಣೆಯ ಪಟ್ಟಿಯನ್ನು ಸಿದ್ಧಪಡಿಸುವಾಗಲೂ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿಕೊಂಡ ಸುಮಾರು 28 ಲಕ್ಷ ಮಹಿಳೆಯರು, ಮುಖ್ಯವಾಗಿ ಉತ್ತರ ದೇಶದವರು, ಮತದಾರರ ಪಟ್ಟಿಯಿಂದ ಬಿಟ್ಟುಹೋದರು. ಪಹಣಿಯಲ್ಲಿಯೂ ಪೌತಿಯಲ್ಲಿಯೂ ಹಳೆಯ ಕಾಲದ ಹೆಂಗಸರು ಕಾಣಿಸುವುದು ವಿಧವೆಯರಾದ ಮೇಲೆಯೇ. ಅವರ ಹೆಸರು ಬೇಕಾದವರು ಮನೆಯ ಮುದುಕಿಯರನ್ನು ಕೇಳಬೇಕು, ಅದೂ ಬೇಗನೆ.

ಇನ್ನು ಸರ್ಕಾರಕ್ಕೆ ನಾವು ಹೇಳಬೇಕಾದುದು. 2021ರಲ್ಲಿ ಆಗಬೇಕಾಗಿದ್ದು ಮಹಾಮಾರಿಯಿಂದ ನಿಂತುಹೋದ ಗಣತಿಯನ್ನು 2027ರ ಮಾರ್ಚ್ 1ನೆಯ ತಾರೀಖಿಗೆ ಅನ್ವಯವಾಗುವಂತೆ ನಡೆಸುವುದೆಂದು ಕೇಂದ್ರ ಸರ್ಕಾರವು 2025ರ ಜೂನ್ 16ರಂದು ಪ್ರಕಟಿಸಿತು. ಜಾತಿಯ ಎಣಿಕೆಯೂ ಸೇರುವುದೆಂದೂ, ಬರವಣಿಗೆಯೆಲ್ಲ ಕಾಗದವನ್ನು ಬಿಟ್ಟು ಕೈಯಂತ್ರದಲ್ಲಿ ನಡೆಯುವುದೆಂದೂ ಗೊತ್ತಾಗಿದೆ. ಹಾಗಾದರೆ ಕಾಗದವನ್ನಿಡಲು ಸ್ಥಳವಿಲ್ಲವೆಂಬ ಸಬೂಬು ಇನ್ನು ನಡೆಯದು. ನೂರು ವರ್ಷ ಯಾರೂ ನೋಡದಂತೆ ಮುಚ್ಚಿ, ಆಮೇಲೆ ಮೊಮ್ಮಕ್ಕಳಿಗೆ ತೆರೆಯುವ ಏರ್ಪಾಡನ್ನು ಶಾಸನದಲ್ಲಿ ಏಕೆ ಸೇರಿಸಬಾರದು?

ಇದಕ್ಕೆ ಬಲವಾದ ಆಕ್ಷೇಪಣೆಯೊಂದುಂಟು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಉಳಿಸಿದ ಹೆಸರು ಉಪಕಾರಕ್ಕೂ ಬರುವುದು, ಅಪಕಾರಕ್ಕೂ ಬರುವುದು. 1951ರ ಗಣತಿಯ ಹಾಳೆಗಳಿಂದ ಹೆಸರುಗಳನ್ನು ತೆಗೆದು ಪೌರರ ಪುಸ್ತಕವನ್ನು ಬರೆದಿದ್ದರು. ಅಸ್ಸಾಮಿನಲ್ಲಿ ಆ ಪುಸ್ತಕ ಉಳಿಯಿತು. ಅರವತ್ತು ವರ್ಷಗಳಾದ ಮೇಲೆ ಅದರಲ್ಲಿ, ಇಲ್ಲವೆ 1971ರ ಮಾರ್ಚಿಗೆ ಹಿಂದಿನ ಮತದಾರರ ಪಟ್ಟಿಯಂತಹ ಕಾಗದಗಳಲ್ಲಿ, ತಾತನ ಹೆಸರನ್ನು ತೋರಿಸಿದವರಷ್ಟೇ ಪೌರರೆಂದು ಪರಿಶೀಲನೆ ನಡೆಯಿತು. 2019ರ ಆಗಸ್ಟ್ 31ರಂದು ಹೊರಬಂದ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಇರಲಿಲ್ಲ. ಅಲ್ಲಿ ವಂಶಾವಳಿಯು ಮನೆಯವರ ಕುತೂಹಲವಾಗಿರಲಿಲ್ಲ, ಬಡವನ ಕೊರಳಿಗೆ ಬಂದ ಪ್ರಶ್ನೆಯಾಗಿತ್ತು. ಆದಕಾರಣ ಬೀಗವು ಬಿಗಿಯಾಗಿಯೇ ಇರಬೇಕು: ನೂರು ವರ್ಷದೊಳಗೆ ಯಾವ ಇಲಾಖೆಗೂ, ಯಾವ ನ್ಯಾಯಾಲಯಕ್ಕೂ, ಯಾವ ಮಂತ್ರಿಗೂ ಅದು ತೆರೆಯಕೂಡದು. ಜೊತೆಗೆ ಉಳಿಸಬೇಕೇ ಬೇಡವೇ ಎಂಬುದನ್ನು ಮನೆಯವರೇ ಹೇಳುವಂತಿರಬೇಕು. ಆಸ್ಟ್ರೇಲಿಯದವರು 2001ರಲ್ಲಿ ಹೀಗೆಯೇ ಮಾಡಿದರು. ಅದಕ್ಕೆ ಮುಂಚೆ ಅವರೂ ಹಾಳೆಗಳನ್ನು ನಾಶಮಾಡುತ್ತಿದ್ದರು. 'ನಿಮ್ಮ ಹೆಸರನ್ನು 99 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯಬಹುದೇ?' ಎಂದು ಒಬ್ಬೊಬ್ಬರನ್ನೂ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಜನ ಆಗಬಹುದೆಂದರು. ನಮ್ಮ ಜನರನ್ನೂ ಒಂದು ಸಲ ಕೇಳಿ ನೋಡಲಿ.

ಸರ್ಕಾರವು ಕೇಳುವವರೆಗೆ ಕಾಯಬೇಕಾದುದಿಲ್ಲ. ಗಣತಿದಾರರು ಬಾಗಿಲಿಗೆ ಬಂದು ಹೋದ ದಿನವೇ, ಮನೆಯಲ್ಲಿರುವವರೆಲ್ಲರ ಹೆಸರು, ಹುಟ್ಟಿದ ಊರು, ತಂದೆ ತಾಯಿಗಳ ಹೆಸರು, ಮನೆದೇವರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಮನೆಯ ಕಾಗದಪತ್ರಗಳ ಜೊತೆಯಲ್ಲಿ ಇಡಬಹುದು. ಅದಕ್ಕೆ ಯಾವ ಶಾಸನವೂ ಅಡ್ಡಿಯಿಲ್ಲ.

ಬೊಮ್ಮನಹಳ್ಳಿಯ ತರುಣರು ಮೊನ್ನೆ ಮತ್ತೆ ಬಂದಿದ್ದರು. ಸಂಬಂಧಪಟ್ಟ ಕಛೇರಿಗೆ ಪೌತಿಯ ನಕಲಿಗಾಗಿ ಅರ್ಜಿ ಹಾಕಿದ್ದಾರೆ, ಉತ್ತರ ಬಂದಿಲ್ಲ. ಆನೇಕಲ್ಲಿನ ಕಡೆಗೆ ಕೊಟ್ಟ, ಎಂಬತ್ತು ದಾಟಿದ ಸೋದರತ್ತೆಯವರನ್ನು ಹೋಗಿ ಕಂಡರಂತೆ. ಆಕೆಯು ಮನೆದೇವರು ಹೊಸೂರಿನ ಆಚೆಯ ಒಂದು ಬೆಟ್ಟದ ಮೇಲಿರುವುದಾಗಿ ಹೇಳಿ, ತಮ್ಮ ಅಜ್ಜಿಯ ಹೆಸರನ್ನೂ, ಆ ಅಜ್ಜಿಯ ಅತ್ತೆಯ ಹೆಸರನ್ನೂ ನೆನಪು ಮಾಡಿಕೊಂಡರು. ಮೂಟೆ ಹೊತ್ತು ಬಂದವರು ಆ ಅತ್ತೆಯೇ. ಅವರ ಗಂಡನ ಹೆಸರು ಆಕೆಗೂ ತಿಳಿಯದು. ಅಜ್ಜಿಯು ಮಾವನ ಹೆಸರನ್ನು ಎಂದೂ ಬಾಯಲ್ಲಿ ಆಡಿದವಳಲ್ಲವಂತೆ.